ಅರ್ಧ ಲೋಟ ಪಂಚಾಮೃತ

ಸೊಸೆ ಅಪೇಕ್ಷಾಳಿಗೆ ಮೂರು ತಿಂಗಳು ತುಂಬಿದಾಗ ಜ್ವರ ಶುರುವಾಯಿತು. ನಾಲ್ಕು ದಿನ ಇರುವುದು, ಬಿಡುವುದು, ಮತ್ತೆ ಬರುವುದು. ಅವಳು ರಬಾಳೆಯ ಆಫೀಸಿಗೆ ಲೋಕಲ್ ರೈಲಿನಲ್ಲಿ ನೂಕಾಡಿಕೊಂಡು ಹೋಗುವುದೇ ಕಾರಣ ಎಂದು ನಾನು ತೀರ್ಪು ಕೊಟ್ಟೆ. ತೀರ್ಪು ಕೊಡುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವಳಲ್ಲ. ಮಗ ಪ್ರಥಮನೂ ಹೌದೆಂದ.

ವರ್ತಕ ನಗರದ ಡಾಕ್ಟರು, "ಕಚ್ಚಾ ದೂಧ್ ಪೀತೇ ಹೋ?" ಎಂದು ಹಸಿ ಹಾಲು ಕುಡಿಯುವ ಬಗ್ಗೆ ಕೇಳಿದರು. ಅವಳ ಪರವಾಗಿ ನಾನೇ ಇಲ್ಲವೆಂದೆ. ಸುಳ್ಳು ಹೇಳಿದ್ದಲ್ಲ. ನಮ್ಮಲ್ಲಿ ಹಾಲನ್ನು ಎರಡು ಸಲ ಕಾಯಿಸಿಯೇ ಕುಡಿಯುವುದು. ದೇವರ ಅಭಿಷೇಕಕ್ಕೆ ಮಾತ್ರ ದನ ಕಟ್ಟುವ ತಬೇಲದ ಶಂಭು ತರುವ ಹಸಿ ಹಾಲು. ಪೂಜೆಗೆ ಪ್ಯಾಕೆಟ್ಟಿನದು ನನ್ನ ಯಜಮಾನರಿಗೆ ಆಗದು. ಆ ಹಾಲಿನ ಪಂಚಾಮೃತ ನನ್ನ ಲೆಕ್ಕದಲ್ಲಿ ತೀರ್ಥವೇ ಹೊರತು ಹಾಲಲ್ಲ. ನಾನೂ ಯಜಮಾನರೂ ಒಂದೊಂದು ಚಮಚ ತೆಗೆದುಕೊಳ್ಳುತ್ತಿದ್ದೆವು. ಬಸುರಿಗೆ ಒಳ್ಳೆಯದೆಂದು ಅವಳಿಗೆ ದಿನಾ ಅರ್ಧ ಲೋಟ ಕುಡಿಸಿದವಳು ನಾನು.

ಐದನೆಯ ತಿಂಗಳಲ್ಲಿ ಮಗು ಹೋಯಿತು.

ಆಸ್ಪತ್ರೆಯ ಹಿರಿಯ ಡಾಕ್ಟರು ರಕ್ತದ ರಿಪೋರ್ಟು ನೋಡಿ ನನ್ನೊಬ್ಬಳನ್ನು ಕೂರಿಸಿ ಹೇಳಿದರು: ಇದು ಬ್ರುಸೆಲ್ಲೋಸಿಸ್, ಹಿಂದೆ ಮಾಲ್ಟಾ ಜ್ವರ, ಏರಿಳಿತದ ಜ್ವರ ಎನ್ನುತ್ತಿದ್ದರು, ರೋಗ ಬಂದ ದನದ ಹಸಿ ಹಾಲಿನಿಂದ ಹರಡುತ್ತದೆ, ಅಂಥ ದನಗಳಿಗೆ ಗರ್ಭ ನಿಲ್ಲುವುದಿಲ್ಲ. ಊರಿನಲ್ಲಿ ನಾವು ಅದನ್ನು ಕಂದು ಹಾಕುವ ರೋಗ ಎನ್ನುತ್ತಿದ್ದೆವು. ಶಂಭುವಿನ ಹಸು ಚೌತಿಯ ಹೊತ್ತಿಗೆ ಕಂದು ಹಾಕಿತ್ತು. ಅವನೇ ಹೇಳಿದ್ದ. ಅಯ್ಯೋ ಪಾಪ ಎಂದು ನಾನು ಅದರ ಹಾಲಿಗೇ ತಂಬಿಗೆ ಒಡ್ಡಿದ್ದೆ.

ಮನೆಗೆ ಬಂದು ಯಾರಿಗೂ ಹೇಳಲಿಲ್ಲ. ಶಂಭು ಊರಿಗೆ ಹೋಗಿದ್ದಾನೆಂದು ಯಜಮಾನರಿಗೆ ಸುಳ್ಳು ಹೇಳಿ, ಅಭಿಷೇಕಕ್ಕೆ ಬರೀ ನೀರಿಟ್ಟೆ. ಸೊಸೆಗೆ ಮಾತ್ರೆ ಕೊಡುವಾಗ ನನಗೆ ಅವಳ ಮುಖ ನೋಡಲಾಗುತ್ತಿರಲಿಲ್ಲ. ಹನ್ನೊಂದನೆಯ ದಿನ ತಡೆಯಲಾಗಲಿಲ್ಲ.

"ಅಪೇಕ್ಷಾ, ರೈಲಿನಿಂದ ಆದದ್ದಲ್ಲ ಮಗಾ. ನಾನು ಕೊಟ್ಟ ಪಂಚಾಮೃತದಿಂದ."

ಅವಳು ಅಳಲಿಲ್ಲ. "ಮಾಲೂಮ್ ಹೈ ಅತ್ತೆ, ಗೊತ್ತು. ರಿಪೋರ್ಟ್ ನಾನೂ ಓದಿದೆ. ನೀವಾಗಿ ಹೇಳ್ತೀರಾ ಅಂತ ಕಾಯ್ತಿದ್ದೆ."

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಮೆಲ್ಲನೆ ಬಿಡಿಸಿಕೊಂಡಳು.

"ಸಂಜೆ ನಿಮ್ಮ ಮಗನಿಗೂ ನೀವೇ ಹೇಳಿ. ನೌಕರಿ ಹಟದಿಂದ ನಾನೇ ಮಗು ಕಳ್ದೆ ಅಂತ, ಅವ್ರು ಅವತ್ತಿಂದ ನನ್ನತ್ರ ಮಾತಾಡಿಲ್ಲ."