ಹಿಂದಿನಿಂದ ಓದಿಸಿಕೊಂಡ ಪ್ರತಿ

ನಾನು ಒಂದು ಕರಡು ಪ್ರತಿ. ಧಾರವಾಡದ ಒಂದು ಝೆರಾಕ್ಸ್ ಅಂಗಡಿಯ ಪ್ರಿಂಟರಿನಿಂದ ಹಾಳೆ ಹಾಳೆಯಾಗಿ ಹೊರಬಿದ್ದಾಗ ನನ್ನ ಮೈ ಇನ್ನೂ ಬೆಚ್ಚಗಿತ್ತು. ಅಂಗಡಿಯವರು ಮೂಲೆಗೊಂದು ಪಿನ್ನು ಹೊಡೆದರು. ಅಲ್ಲಿಯವರೆಗೆ ಬಿಡಿ ಹಾಳೆಯಾಗಿದ್ದವನು ಆಗ ಒಂದು ಸಂಶೋಧನಾ ಲೇಖನವಾದೆ.

ನನ್ನನ್ನು ಬರೆದವಳು ನೀಲಮ್ಮ ಬಡಿಗೇರ, ರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಹಳ್ಳಿಗಳ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದೇ ನನ್ನ ವಿಷಯ. ಬಾಟಲಿಗಳ ಚೀಲ ಹೊತ್ತು ಬಿಸಿಲಲ್ಲಿ ಅಲೆದು ಅವಳು ನೀರು ತಂದಿದ್ದಳು. ನಾನು ಅಚ್ಚಾದರೆ, ಅದನ್ನು ನೋಡಿ ಯಾವ ಬಾವಿ ಮುಚ್ಚಬೇಕೆಂದು ತಾಲೂಕಿನ ಅಧಿಕಾರಿಗಳು ತೀರ್ಮಾನಿಸುವವರಿದ್ದರು.

ಮೊದಲು ನಾನು ಅವಳ ಗೈಡ್ ಇನಾಮದಾರ ಮೇಡಂ ಕೈ ಸೇರಿದೆ. ಅವರ ಕೆಂಪು ಪೆನ್ನು ಕನಿಕರವಿಲ್ಲದ್ದು. ಬಿಟ್ಟುಹೋದ ಅಲ್ಪವಿರಾಮ, ಎರಡು ಸಲ ಬಂದ ಪದ, ವರ್ಷ ತಪ್ಪಿದ ಉಲ್ಲೇಖ, ಯಾವುದನ್ನೂ ಬಿಡಲಿಲ್ಲ. ಕೊನೆಗೆ ಕನ್ನಡಕ ತೆಗೆದು ಹೇಳಿದರು:

"ಭಾಷಾ ಚಲೋ ಅದ. ಆದ್ರ ನಿನಗಿದು ಬಾಯಿಪಾಠ ಆಗೇದ ನೀಲಮ್ಮಾ, ಕಣ್ಣು ಸುಮ್ನ ಓಡತಾವ. ಒಮ್ಮೆ ಹಿಂದಿನಿಂದ ಓದು. ಕೊನೀ ಪುಟ ಮೊದಲ."

ಸಂಶೋಧನಾ ಪತ್ರಿಕೆಗೆ ಕಳಿಸಲು ಮರುದಿನ ಸಂಜೆಯೇ ಕೊನೆಯ ಗಡುವಾಗಿತ್ತು. ಬೆಳಗ್ಗೆ ಹಾಸ್ಟೆಲಿನ ಕೋಣೆಯಲ್ಲಿ ನೀಲಮ್ಮ ನನ್ನನ್ನು ಕೊನೆಯ ಪುಟದಿಂದ ಗಟ್ಟಿಯಾಗಿ ಓದತೊಡಗಿದಳು. ಅವಳ ಜೊತೆಗಾತಿ, ಕನ್ನಡ ಎಂ.ಎ. ಓದುತ್ತಿದ್ದ ಮಮತಾಜ, ಕೂದಲು ಬಾಚುತ್ತ ಕೇಳಿಸಿಕೊಳ್ಳುತ್ತಿದ್ದಳು.

"ಈ ವಾಕ್ಯದಾಗ ಉಸಿರು ಎಲ್ಲಿ ತಗೋಬೇಕ ಮಾರಾಯ್ತಿ?" ಎಂದಳು ಮಮತಾಜ. ನೀಲಮ್ಮ ನಕ್ಕು ಆ ವಾಕ್ಯವನ್ನು ಎರಡು ಮಾಡಿದಳು.

ಕೊನೆಯ ಪುಟಗಳಲ್ಲಿ ಸಣ್ಣಗೊಂಡಿ ಎಂಬ ಊರಿನ ಮಕ್ಕಳ ಮಾತಿತ್ತು. ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಅವರ ಹಲ್ಲಿಗೆ ಕಂದು ಕಲೆ ಹತ್ತಿತ್ತು. ಪುಟದ ತುದಿಯಲ್ಲಿದ್ದ ಅದನ್ನೋದಿ ಹಿಂದಿನ ಪುಟಕ್ಕೆ ತಿರುಗಿಸಿದರೆ ಅದರ ತಲೆಯಲ್ಲೇ ಕೋಷ್ಟಕ. ಅದರಲ್ಲಿ ಸಣ್ಣಗೊಂಡಿಯ ನೀರು ಕುಡಿಯಲು ಯೋಗ್ಯ, ದೊಡ್ಡಗೊಂಡಿಯದು ಅಪಾಯ ಎಂದಿತ್ತು. ಮುಂದಿನಿಂದ ಓದುವಾಗ ಕೋಷ್ಟಕಕ್ಕೂ ಆ ಮಾತಿಗೂ ನಡುವೆ ಎಷ್ಟೋ ವಿವರಣೆ ಬರುತ್ತಿದ್ದುದರಿಂದ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನೀಲಮ್ಮ ಓದುವುದನ್ನು ನಿಲ್ಲಿಸಿ ಎರಡೂ ಪುಟಗಳನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಏನಾತ?"

"ಟೈಪ್ ಮಾಡೂವಾಗ ತಪ್ಪಿದ್ರ ಚಿಂತಿಲ್ಲ. ಬಾಟಲಿನ ಅದಲು ಬದಲು ಆಗಿದ್ರ? ಎಲ್ಲಾ ನೀರಾಗ ಹೋಮ ಆತು ಮಮತಾಜ."

ಅವಳು ಮೇಡಂಗೆ ಫೋನ್ ಮಾಡಿದಳು. ಅತ್ತಲಿಂದ ಬಂದದ್ದು ಒಂದೇ ಪ್ರಶ್ನೆ: "ಬಾಟಲಿ ಇನ್ನೂ ಇಟ್ಟೀಯಿಲ್ಲೊ? ನಾ ಲ್ಯಾಬಿಗೆ ಬರತೇನಿ. ಮತ್ತೊಮ್ಮೆ ಅಳಿಯೂಣು."

ಲ್ಯಾಬಿನ ಕಲ್ಲುಕಟ್ಟೆಯ ಮೇಲೆ ನಾನು ಬಿದ್ದಿದ್ದೆ. ನೀಲಮ್ಮ ಸಣ್ಣಗೊಂಡಿಯ ಚೀಟಿ ಅಂಟಿಸಿದ್ದ ಬಾಟಲಿಯ ನೀರನ್ನು ಬೀಕರಿಗೆ ಸುರಿದು ಮೀಟರಿನ ಕಡ್ಡಿಯನ್ನು ಇಳಿಬಿಟ್ಟಳು. ಮೇಡಂ ಹಿಂದೆ ನಿಂತಿದ್ದರು. ಅಂಕಿ ಸ್ವಲ್ಪ ತಡವರಿಸಿ, ಮೇಲೇರಿ, ನಿಂತಿತು.

"ಹೆಚ್ಚ ಐತ್ರಿ ಮೇಡಂ. ಇದರಾಗ ಹೆಚ್ಚ ಐತ್ರಿ."

ದೊಡ್ಡಗೊಂಡಿಯ ನೀರಿನಲ್ಲಿ ಅಂಕಿ ಕೆಳಗೇ ಉಳಿಯಿತು. ಬಾಟಲಿಗಳು ಸರಿಯಾಗಿದ್ದವು. ಕೋಷ್ಟಕದಲ್ಲಿ ಮಾತ್ರ ಎರಡು ಸಾಲು ಹಿಂದುಮುಂದಾಗಿದ್ದವು.

ನೀಲಮ್ಮ ಸ್ಟೂಲಿನ ಮೇಲೆ ಕುಸಿದು ಮುಖ ಮುಚ್ಚಿಕೊಂಡಳು. ಮೇಡಂ ಅವಳ ಬೆನ್ನ ಮೇಲೆ ಕೈಯಿಟ್ಟರು. "ನನ್ನ ಹೆಸರೂ ಅದರ ಮ್ಯಾಲ ಅದ. ಕೆಂಪು ಪೆನ್ನು ಹಿಡದು ಕೂತಾಕಿ ನಾನು, ನನಗೂ ಕಾಣಲಿಲ್ಲ. ಕಳಸೂಕಿಂತ ಮೊದಲ ಸಿಕ್ಕತಲ್ಲ, ಸಾಕು. ಏಳು, ತಿದ್ದು."

ಅವಳು ನನ್ನ ಮೇಲೆ ಆ ಎರಡು ಸಾಲುಗಳಿಗೆ ಬಾಣದ ಗುರುತು ಹಾಕಿ, ಕಂಪ್ಯೂಟರಿನಲ್ಲಿ ತಿದ್ದಿ, ಮತ್ತೆ ಓದಿ, ಹೊತ್ತು ಮುಳುಗುವ ಮೊದಲೇ ಕಳಿಸಿಬಿಟ್ಟಳು. ಮಮತಾಜ ಮಿರ್ಚಿ ಭಜಿ ತಂದಳು. ನೀಲಮ್ಮ ಬೆಳಗ್ಗಿನಿಂದ ಏನೂ ತಿಂದಿರಲಿಲ್ಲ. ಆ ಎಣ್ಣೆಯ ಕಲೆ ನನ್ನ ಮೈಮೇಲೆ ಇಂದಿಗೂ ಇದೆ.

ಈಗ ನೀಲಮ್ಮ ಗದಗಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ನಾನು ಅವಳ ಕಪಾಟಿನ ಕೆಳಖಾನೆಯಲ್ಲಿ ಹಳದಿಯಾಗಿ ಮಲಗಿದ್ದೇನೆ. ಸಣ್ಣಗೊಂಡಿಯ ಆ ಕೊಳವೆ ಬಾವಿ ಮುಚ್ಚಿ, ಬೇರೆ ಕಡೆಯಿಂದ ನಲ್ಲಿ ನೀರು ಬಂತಂತೆ. ಅಚ್ಚಾದ ನನ್ನ ತಮ್ಮ ನುಣುಪು ಕಾಗದದಲ್ಲಿ ಮೇಲಿನ ಖಾನೆಯಲ್ಲಿದ್ದಾನೆ. ಬಂದವರಿಗೆಲ್ಲ ಅವಳು ತೋರಿಸುವುದು ಅವನನ್ನೇ. ನನಗೆ ಬೇಸರವಿಲ್ಲ. ಆ ತಪ್ಪು ಇಡೀ ಜಗತ್ತಿನಲ್ಲಿ ನನ್ನೊಬ್ಬನ ಮೈಮೇಲೆ ಮಾತ್ರ ಇದೆ. ಇಲ್ಲೇ ಇರಲಿ.