ಕತ್ತೆಯ ಗಂಟಲು

"ಕುಡಿಯೋ ಬೋಳಿಮಗನೆ! ನೀನು ಇಳಿಸಿದ ಕಳ್ಳು ನೀನೇ ಕುಡಿಯಲ್ಲ ಅಂದ್ರೆ ಏನರ್ಥ? ಅದ್ರಲ್ಲಿ ಉಚ್ಚೆ ಹೊಯ್ದಿದೀಯೇನೋ?"

ತೋಟದ ಧಣಿ ದೊನ್ ಸಿಲ್ವೆರಿಯೊ ತುಂಬಿದ ತೆಂಗಿನ ಚಿಪ್ಪನ್ನು ಕಳ್ಳು ಇಳಿಸುವ ಆಳು ತೆರೋಯ್‌ನ ಮೂಗಿಗೇ ಹಿಡಿದ. ಲೇಯ್ಟೆ ದ್ವೀಪದ ಆ ತೆಂಗಿನ ತೋಟಗಳಲ್ಲಿ ಕಳ್ಳಿನ ಮೊದಲ ಚಿಪ್ಪು ಅದನ್ನು ಇಳಿಸಿದವನಿಗೇ ಎಂಬುದು ರೂಢಿ. ಅವನು ಕುಡಿದು ತೋರಿಸಿದ ಮೇಲೆಯೇ ಉಳಿದವರು ಮುಟ್ಟುವುದು. ಅಂಗಳದಲ್ಲಿ ಹಬ್ಬದ ಮೇಜು, ಇಡಿಯಾಗಿ ಸುಟ್ಟ ಹಂದಿ, ಧಣಿಯ ನೆಂಟರು, ಪಾದ್ರಿ. ಆಳುಗಳೆಲ್ಲ ಬೇಲಿಯಾಚೆ. ಧಣಿಗೆ ಕುಡುಕ ಆಳುಗಳೆಂದರೆ ಅಚ್ಚುಮೆಚ್ಚು. ಕೂಲಿಯ ಅರ್ಧವನ್ನು ಕಳ್ಳಿನಲ್ಲೇ ಅಳೆದುಕೊಡುತ್ತಿದ್ದ. ಇನ್ನರ್ಧ ಕೇಳುವ ಹೊತ್ತಿಗೆ ಅವರ ನಾಲಗೆ ಹೊರಳುತ್ತಿರಲಿಲ್ಲ.

ತೆರೋಯ್ ಕುಡಿತ ಬಿಟ್ಟದ್ದು ಇದೇ ಮೊದಲೇನಲ್ಲ. ಬಿಟ್ಟಿದ್ದ, ಬಿದ್ದಿದ್ದ, ಊರೇ ನಕ್ಕಿತ್ತು. ಅದಕ್ಕೇ ಈ ಸಲ ಬಿಟ್ಟೆನೆಂದು ಬಾಯಿಬಿಟ್ಟು ಹೇಳಲೂ ಹೆದರಿಕೆ. ಹೊಟ್ಟೆಪಾಡಿಗೆ ಮರ ಹತ್ತಲೇಬೇಕು. ತುದಿಯಲ್ಲಿ ಬಿದಿರ ಕೊಳವೆಯ ತುಂಬ ಕಳ್ಳು, ನೋಡುವವರು ಯಾರೂ ಇಲ್ಲ.

ಉಪಾಯ ಹೂಡಿದವಳು ಹೆಂಡತಿ ಲೂಮಿಂಗ್.

"ಮ್ಯಾಕೆ ಹೋದೋನು ಇಳಿಯೋಗಂಟ ಹಾಡ್ತಾನೇ ಇರು. ಬಾಯಾಗೆ ಕಳ್ಳು ಇಟ್ಕಂಡು ಹಾಡಕ್ಕಾಗಲ್ಲ."

"ನಂದು ಕತ್ತೆ ಗಂಟ್ಲು ಕಣೆ."

"ಗೊತ್ತು. ಕತ್ತೆಗೇ ಕೊಟ್ಟು ಮದ್ವೆ ಮಾಡವ್ರೆ. ಹಾಡು."

ಅವನು ಹತ್ತಿದಾಗಲೆಲ್ಲ ಅವಳು ಕಿವಿಯ ಹಿಂದೆ ಅಂಗೈ ಇಟ್ಟು ಬುಡದಲ್ಲಿ ನಿಲ್ಲುತ್ತಿದ್ದಳು. ಒಂದು ಬೆಳಗ್ಗೆ ನಡುತೋಟದಲ್ಲಿ ಹಾಡು ನಿಂತುಹೋಯಿತು. ಇಳಿದು ಬಂದವನು ಅವಳ ಮುಖ ನೋಡಲಾರದೆ ಅತ್ತುಬಿಟ್ಟ.

"ಸೋತೆ ಕಣೆ. ಇನ್ನು ಹತ್ತಕ್ಕೇ ಭಯ ಆಯ್ತದೆ."

"ಯಾವ ಸೀಮೆ ಸೋಲೋ ಇದು? ಮೊದ್ಲು ದಿನ ಮೊದ್ಲು ಮರದಾಗೇ ನಿಂತೋಗಿತ್ತು. ಇವತ್ತು ಅರ್ಧ ತೋಟ ಹಾಡಿದೀಯ. ಆವತ್ತು ಮರದಿಂದ ಬಿದ್ದು ಕೈ ಮುರ್ಕಂಡೆಯಲ್ಲ, ಆಮ್ಯಾಕೆ ಮರ ಹತ್ನಿಲ್ವ? ಏಳು, ಮೂಗು ಒರೆಸ್ಕ."

ಅಳುವಿನ ನಡುವೆಯೇ ಅವನಿಗೆ ನಗು ಬಂತು. ಎದ್ದು ಮುಂದಿನ ಮರ ಹತ್ತಿದ. ಅಂದಿನಿಂದ ತೋಟದ ತುಂಬ ಅವನದೇ ಅಪಸ್ವರ. "ಬಾಯ್ಮುಚ್ಚೋ, ಕಳ್ಳು ಹುಳಿಯಾಯ್ತದೆ!" ಎಂದು ಪಕ್ಕದ ಮರಗಳಿಂದ ಬೈಗುಳ ಬರುತ್ತಿದ್ದವು.

ಈಗ ಚಿಪ್ಪು ತುಟಿಗೇ ತಾಗಿತ್ತು. ಬಾಯಲ್ಲಿ ನೀರೂರಿತು.

"ಕುಡಿಯಪ್ಪ, ಹಬ್ಬದ ದಿನ ಪಾಪ ಇಲ್ಲ," ಎಂದ ಪಾದ್ರಿ.

"ಇವ್ನು ಬಿಟ್ಟಿದ್ದು ಎಷ್ಟು ಸಲ ನೋಡಿಲ್ಲ, ಸ್ವಾಮ್ಯೋರೆ! ನಾಳೆ ಚರಂಡೀಲಿ ಸಿಗ್ತಾನೆ," ಎಂದ ಧಣಿ. ಮೇಜಿನವರೆಲ್ಲ ನಕ್ಕರು.

ತೆರೋಯ್ ಬೇಲಿಯತ್ತ ನೋಡಿದ. ಲೂಮಿಂಗ್ ಕಿವಿಯ ಹಿಂದೆ ಅಂಗೈ ಇಟ್ಟು ನಿಂತಿದ್ದಳು.

"ನಾಳೆ ಬಿದ್ರೆ ನಾಡಿದ್ದು ಏಳ್ತೀನಿ ಧಣಿ," ಎಂದ. "ಇವತ್ತು ಹಾಡ್ತೀನಿ. ರುಚಿ ನೀವೇ ನೋಡಿ. ಇನ್ಮ್ಯಾಕೆ ನನ್ ಕೂಲಿ ಪೂರ್ತಾ ದುಡ್ಡಾಗೇ ಕೊಡಿ."

ಎಂದವನೇ ಬಾಯಿ ಅಗಲಿಸಿ ಶುರುಹಚ್ಚಿಕೊಂಡ. ಬೇಲಿಯಾಚೆ ಯಾರೋ ಕಿಸಕ್ಕೆಂದರು. ಇನ್ನೊಬ್ಬ, "ಥೂ, ಹಂಗಲ್ಲ ಕಣೋ ಅದು!" ಎಂದು ತಾನೂ ದನಿಗೂಡಿಸಿದ. ಆಮೇಲೆ ಬೇಲಿಗೆ ಬೇಲಿಯೇ ಹಾಡತೊಡಗಿತು. ಹಾಡು ನಿಲ್ಲಲೆಂದು ಧಣಿ ಚಿಪ್ಪು ಚಾಚಿಕೊಂಡೇ ಕಾದ. ಕಳ್ಳಿನ ನೊರೆಗೆ ನೊಣ ಮುತ್ತಿದವು.