ಒಂದು ಸೆಂಟಿಮೀಟರು

"ಆರಲ್ಲ, ಐದು! ಎಣಿಸೋಕೂ ಬರಲ್ವಾ ನಿಂಗೆ?" ಎಂದು ಮೇಜಿಗೆ ಗುದ್ದಿದೆ. ಕಾಫಿ ತುಳುಕಿ ಟಿಕೆಟ್ ಹಾಳೆಗಳ ಅಂಚು ಒದ್ದೆಯಾಯಿತು.

"ಎಣಿಸಿಯೇ ತಗೊಂಡಿದೀನಿ," ಎಂದಳು ನನ್ನ ಹೆಂಡತಿ ಡೋರ್ತೆ. ಹಾಳೆಗಳನ್ನು ತೋಳಿನಿಂದ ಒರೆಸಿ ಒಂದೊಂದಾಗಿ ಮೇಜಿನ ಮೇಲೆ ಸಾಲಾಗಿ ಇಟ್ಟಳು. "ನೀನು, ನಾನು, ಸಿಗ್ನೆ, ಬರ್ಟಿಲ್, ಎಲ್ಲೆನ್. ಇದು ಆಕ್ಸೆಲ್‌ದು."

"ಅವನು ಸತ್ತು ಎರಡೂವರೆ ವರ್ಷ ಆಯ್ತು ಕಣೇ!"

"ನಂಗೆ ಹೇಳಿಕೊಡ್ತೀಯಾ? ಆಸ್ಪತ್ರೇಲಿ ಅವನ ಕೈ ಹಿಡ್ಕೊಂಡು ಕೂತಿದ್ದವಳು ನಾನು."

ನಿಜ, ಕೂತಿದ್ದವಳು ಅವಳೇ. ನಾನು ಕಾರಿಡಾರಿನಲ್ಲಿ ನರ್ಸುಗಳ ಮೇಲೆ ಕೂಗಾಡುತ್ತಿದ್ದೆ. ಮೆದುಳು ಜ್ವರ, ಮೂರೇ ದಿನ. ನವೆಂಬರಿನಲ್ಲಿ ಬಂತು, ನವೆಂಬರಿನಲ್ಲೇ ಮುಗಿಸಿತು. ಆಕ್ಸೆಲ್‌ಗೆ ಆಗ ಹತ್ತು ವರ್ಷ.

ಉಳಿದ ಮೂವರು ಮಕ್ಕಳಿಗೆ ಈ ಸಲ ಮೇ ತಿಂಗಳಲ್ಲಿ, ಯೇಸುವಿನ ಸ್ವರ್ಗಾರೋಹಣದ ರಜೆಯ ಗುರುವಾರ, ಆಟದ ಪಾರ್ಕಿಗೆ ಕರೆದುಕೊಂಡು ಹೋಗುತ್ತೇವೆ ಎಂದು ಮಾತು ಕೊಟ್ಟಿದ್ದೆವು. ಆಕ್ಸೆಲ್ ಜೊತೆ ಕೊನೆಯ ಸಲ ಹೋಗಿದ್ದ ಅದೇ ಪಾರ್ಕು. ಆಕ್ಸೆಲ್ ಹೋದಮೇಲೆ ನಾವು ಎಲ್ಲಿಗೂ ಹೋಗಿರಲಿಲ್ಲ. ಹದಿನೈದರ ಸಿಗ್ನೆ, ಹತ್ತರ ಬರ್ಟಿಲ್, ನಾಲ್ಕರ ಎಲ್ಲೆನ್. ಒಬ್ಬಳಿಗೆ ತಲೆಕೆಳಗಾಗಿ ಸುತ್ತುವ ರೈಲು ಬೇಕು, ಇನ್ನೊಬ್ಬಳಿಗೆ ಬಾತುಕೋಳಿ ದೋಣಿ ಬೇಕು, ನಡುವಿನವನಿಗೆ ಏನು ಬೇಕು ಎಂದು ಅವನು ಬಾಯಿ ಬಿಡುವುದೇ ಇಲ್ಲ. ಇಂಥ ಮೂವರನ್ನು ಒಂದೇ ದಿನ ಒಂದೇ ಕಡೆ ನಗಿಸಬೇಕಾದರೆ ಮೊದಲೇ ಕೂತು ಬರೆದುಕೊಳ್ಳಬೇಕು. ಅದಕ್ಕೇ ಭಾನುವಾರ ಮಧ್ಯಾಹ್ನ ಎಲ್ಲರೂ ಅಡುಗೆಮನೆ ಮೇಜಿಗೆ ಬಂದಿದ್ದೆವು.

"ಟಿಕೆಟ್ ಇರ್ಲಿ ಬಿಡಪ್ಪ," ಎಂದಳು ಸಿಗ್ನೆ. ಫೋನಿನಿಂದ ತಲೆ ಎತ್ತಲಿಲ್ಲ. "ಯಾರ ಜೊತೆ ಯಾರು ಅಂತ ಬರೀರಿ. ನಾನಂತೂ ಬಾತುಕೋಳಿ ಹತ್ರ ಬರಲ್ಲ."

"ಬಾತುಕೋಳಿಗೂ ನೀನು ಬೇಡ," ಎಂದಳು ಎಲ್ಲೆನ್.

ನಾನು ಪೆನ್ನು ಎತ್ತಿಕೊಂಡೆ. "ಹೋದ ಸಲದ ಹಾಗೇ. ಡೋರ್ತೆ, ಎಲ್ಲೆನ್ ಒಂದು ಕಡೆ. ನಾನು ದೊಡ್ಡವರನ್ನ ಕರ್ಕೊಂಡು ಹೋಗ್ತೀನಿ."

"ಇಲ್ಲ," ಎಂದಳು ಡೋರ್ತೆ. "ಈ ಸಲ ದೊಡ್ಡವರ ಜೊತೆ ನಾನು ಹೋಗ್ತೀನಿ. ಬಾತುಕೋಳಿ ದೋಣಿ ನೀನು ಹತ್ತು."

"ನಿಂಗೆ ಎತ್ತರ ಕಂಡ್ರೆ ತಲೆ ತಿರುಗುತ್ತೆ."

"ನಾನು ಹತ್ತಲ್ಲ. ಗೇಟಿನ ಹತ್ರ ನಿಂತ್ಕೋತೀನಿ. ಅವಳು ಇನ್ನೂ ಅಲ್ಲೇ ಕೆಲಸಕ್ಕಿದ್ರೆ ಅವಳ ಜೊತೆ ಎರಡು ಮಾತಾಡಬೇಕು."

"ಯಾರ ಜೊತೆ?"

"ಯಾರು ಅಂತ ನಿಂಗೆ ಗೊತ್ತು. ಹಳದಿ ಟೊಪ್ಪಿಯವಳು."

ಕಿಟಕಿಯ ಹೊರಗೆ ಪಡುವಣ ಗಾಳಿ ಹಡಗುಕಟ್ಟೆಯ ಹಗ್ಗಗಳನ್ನು ಕಂಬಕ್ಕೆ ಬಡಿಯುತ್ತಿತ್ತು. ಆ ಸದ್ದು ನಮ್ಮ ಮನೆಯಲ್ಲಿ ಯಾವಾಗಲೂ ಇರುತ್ತದೆ. ಅವತ್ತು ಮಾತ್ರ ಯಾರೋ ಬಾಗಿಲು ತಟ್ಟುತ್ತಿದ್ದಾರೆ ಅನ್ನಿಸಿತು.

ಡೋರ್ತೆಗೆ ಗೊತ್ತಿದ್ದ ಕಥೆ ಇಷ್ಟು. ಆ ಜುಲೈನಲ್ಲಿ ಅವಳು ವರ್ಷ ತುಂಬಿದ ಎಲ್ಲೆನ್‌ಳನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು, ಏಳರ ಬರ್ಟಿಲ್‌ನ ಕೈ ಹಿಡಿದು ಚಿಕ್ಕಮಕ್ಕಳ ಕಡೆಗೆ ಹೋಗಿದ್ದಳು. ನಾನು ಸಿಗ್ನೆ, ಆಕ್ಸೆಲ್ ಇಬ್ಬರನ್ನು ಕರೆದುಕೊಂಡು ದೊಡ್ಡ ರೈಲಿನ ಸಾಲಿನಲ್ಲಿ ನಿಂತಿದ್ದೆ. ಅದರ ಬಾಗಿಲಲ್ಲಿ ಮರದ ನಾವಿಕನ ಬೊಂಬೆಯಿದೆ, ಒಂದು ಕೈ ಅಡ್ಡಕ್ಕೆ ಚಾಚಿಕೊಂಡು. ತಲೆ ಆ ಕೈಗೆ ತಾಗಿದರೆ ನೂರ ನಲವತ್ತು ಸೆಂಟಿಮೀಟರು, ಒಳಗೆ ಬಿಡುತ್ತಾರೆ. ಆಕ್ಸೆಲ್ ನೂರ ಮೂವತ್ತೊಂಬತ್ತು. ಹಳದಿ ಟೊಪ್ಪಿಯ ಹೆಂಗಸು ಒಳಗೆ ಬಿಡಲಿಲ್ಲ. ಮುಂದಿನ ವರ್ಷ ಬಾ ಎಂದಳು. ಅವನು ಬೇಲಿಯ ಹೊರಗೆ ನಿಂತು ಅಕ್ಕ ಸುತ್ತುವುದನ್ನು ನೋಡಿದ.

ಇದು ನಾನು ಕಟ್ಟಿದ ಕಥೆ.

ಆ ಹೆಂಗಸು ಅವನನ್ನು ನೋಡಿ ನಕ್ಕಿದ್ದಳು. "ಕೂದಲು ಸೇರಿಸಿದ್ರೆ ಸರಿಹೋಗುತ್ತೆ, ಬಾರೋ," ಎಂದು ಗೇಟಿನ ಸರಪಳಿಯನ್ನೂ ತೆಗೆದಿದ್ದಳು. ನನ್ನ ಕಣ್ಣು ಅವನ ನಡಿಗೆಯ ಮೇಲೆ ಬಿತ್ತು. ಮುಳ್ಳು ಚುಚ್ಚಿದವನ ಹಾಗೆ ನಡೆಯುತ್ತಿದ್ದ. "ಶೂ ಬಿಚ್ಚು," ಎಂದೆ. ಓಟ್ಸ್ ಡಬ್ಬಿಯ ರಟ್ಟನ್ನು ಪಾದದ ಆಕಾರಕ್ಕೆ ಕತ್ತರಿಸಿ ಎರಡೂ ಶೂಗಳ ಒಳಗೆ ಇಟ್ಟುಕೊಂಡಿದ್ದ. ನನಗೆ ತಲೆ ಕೆಟ್ಟುಹೋಯಿತು. ಅಷ್ಟು ಜನರ ಎದುರು, "ನಮ್ಮ ಮನೇಲಿ ಮೋಸ ಇಲ್ಲ. ಮುಂದಿನ ವರ್ಷ ಸರಿಯಾಗಿ ಬೆಳೆದು ಬಾ," ಎಂದು ಸಾಲಿನಿಂದ ಎಳೆದು ಹೊರಗೆ ನಿಲ್ಲಿಸಿದೆ. ಹೆಂಗಸು, "ಹೋಗ್ಲಿ ಬಿಡಿ, ಪಾಪ ಮಗು," ಎಂದಳು. ನಿಯಮ ಅಂದರೆ ನಿಯಮ ಎಂದೆ. ನಮ್ಮ ಈ ಕಡೆ ಜನ ಹೀಗೆಯೇ. ಒಂದು ಕಾರೂ ಇಲ್ಲದ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುತ್ತೇವೆ, ನಿಂತೆವೆಂದು ಬೀಗುತ್ತೇವೆ.

ರಟ್ಟಿನ ತುಂಡುಗಳನ್ನು ಕೋಟಿನ ಜೇಬಿಗೆ ತುರುಕಿದ್ದೆ. ಆ ಕೋಟು ನಾನು ಹಡಗು ಬೆಸುಗೆಯ ಕೆಲಸಕ್ಕೆ ದಿನಾ ಹಾಕಿಕೊಂಡು ಹೋಗುವುದು. ರಟ್ಟು ಇನ್ನೂ ಅದರ ಜೇಬಿನಲ್ಲೇ ಇದೆ. ಚಳಿಗೆ ಕೈ ಜೇಬಿಗೆ ಹೋದಾಗಲೆಲ್ಲ ಎರಡು ಪುಟ್ಟ ಪಾದಗಳು ಸಿಗುತ್ತವೆ. ಎಸೆಯಲೆಂದು ಎಷ್ಟೋ ಸಲ ಕಟ್ಟೆಯ ಅಂಚಿಗೆ ಹೋಗಿದ್ದೇನೆ. ನೀರು ನೋಡಿ ವಾಪಸು ಬಂದಿದ್ದೇನೆ.

ಈಗ ಡೋರ್ತೆ ಆ ಹೆಂಗಸಿನ ಎದುರು ನಿಂತರೆ? ಹಳದಿ ಟೊಪ್ಪಿಯವಳು ಒಂದೇ ಮಾತಿನಲ್ಲಿ ನನ್ನ ಮನೆ ಮುಗಿಸುತ್ತಾಳೆ.

"ಬೇರೆ ಪಾರ್ಕಿಗೆ ಹೋಗೋಣ," ಎಂದೆ.

"ಟಿಕೆಟ್ ತಗೊಂಡಾಯ್ತು. ಆರು."

"ಬರ್ಟಿಲ್ ಇನ್ನೂ ನೂರ ನಲವತ್ತು ಆಗಿಲ್ಲ. ಅಲ್ಲಿಗೆ ಹೋಗಿ ಇವನೂ ಹೊರಗೆ ನಿಲ್ಲಬೇಕಾ?"

"ಅಳೆದು ನೋಡು. ಏಪ್ರಿಲ್‌ನಲ್ಲಿ ಅಳೆದಿದ್ದು."

ಅಡುಗೆಮನೆಯ ಬಾಗಿಲ ಚೌಕಟ್ಟಿನಲ್ಲಿ ನಾಲ್ಕು ಮಕ್ಕಳ ಸಾಲುಗಳಿವೆ. ಹುಟ್ಟುಹಬ್ಬದ ಬೆಳಿಗ್ಗೆ ಮೇಜಿನ ಮೇಲೆ ಪುಟ್ಟ ಬಾವುಟ ಇಟ್ಟು, ಮಗುವನ್ನು ಇಲ್ಲಿ ನಿಲ್ಲಿಸಿ ಪೆನ್ಸಿಲ್ ಗೆರೆ ಎಳೆಯುತ್ತೇವೆ. ನಾನು ಉಕ್ಕಿನ ಟೇಪು ತಂದು ಬಗ್ಗಿದೆ. ಬಗ್ಗಿದವನು ಹಾಗೇ ನಿಂತೆ.

ಆಕ್ಸೆಲ್‌ನ ಸಾಲು ನೂರ ಮೂವತ್ತೊಂಬತ್ತಕ್ಕೆ ನಿಂತಿತ್ತು. ಅದರ ಮೇಲೆ ಹೊಸ ಗೆರೆ ಇತ್ತು. ಟೇಪು ಹಿಡಿದೆ. ಸರಿಯಾಗಿ ನೂರ ನಲವತ್ತು. ಪೆನ್ಸಿಲ್ಲಿನ ಪುಡಿ ಬೆರಳಿಗೆ ಹತ್ತಿತು.

ದೆವ್ವ ಭೂತ ನಂಬುವವನಲ್ಲ ನಾನು. ಆದರೂ ಒಂದು ಕ್ಷಣ ತಿರುಗಿ ನೋಡಲು ಧೈರ್ಯ ಬರಲಿಲ್ಲ.

"ಯಾರು ಎಳೆದಿದ್ದು ಇದನ್ನ?"

"ನಾನೇ," ಎಂದಳು ಡೋರ್ತೆ. "ನಿನ್ನೆ. ಆ ಹೆಂಗಸು ಒಂದು ಸೆಂಟಿಮೀಟರು ಕಿತ್ಕೊಂಡ್ಲು, ನಾನು ಕೊಟ್ಟೆ. ಗುರುವಾರ ಅವನ ಟಿಕೆಟ್ ಅವಳ ಕೈಗೆ ಕೊಟ್ಟು, ಬಿಡ್ತೀಯೋ ಇಲ್ವೋ ಅಂತ ಕೇಳ್ತೀನಿ. ಅಷ್ಟೇ. ಆಮೇಲೆ ಎಲ್ಲಾ ನೀನು ಹೇಳಿದ ಹಾಗೆ."

"ಜನ ಹುಚ್ಚಿ ಅಂತಾರೆ."

"ಅನ್ಲಿ."

ಎಲ್ಲೆನ್ ಕುರ್ಚಿಯಿಂದ ಇಳಿದು ಬಂದು ಬಾಗಿಲಲ್ಲಿ ನಿಂತಳು. ಒಂದು ಕೈಯನ್ನು ಅಡ್ಡಕ್ಕೆ ಚಾಚಿ ಕಣ್ಣು ಪಿಳುಕಿಸದೆ ನಿಂತಳು. ನಾವಿಕನ ಬೊಂಬೆಯನ್ನು ಸಿಗ್ನೆಯ ಫೋನಿನಲ್ಲಿ ನೋಡಿದ್ದಳು. "ನೀನು ಚಿಕ್ಕೋನು. ಹೋಗು," ಎಂದಳು ಬರ್ಟಿಲ್‌ಗೆ. ಯಾರೂ ನಗಲಿಲ್ಲ.

"ಬಾರೋ, ನಿಲ್ಲು," ಎಂದು ನಾನು ಬರ್ಟಿಲ್‌ನನ್ನು ಚೌಕಟ್ಟಿಗೆ ಒರಗಿಸಿದೆ. ನೂರ ಮೂವತ್ತೊಂಬತ್ತಕ್ಕೆ ಒಂದು ಕೂದಲೆಳೆ ಕಡಿಮೆ. ಏಪ್ರಿಲ್‌ನಲ್ಲೂ ಅಷ್ಟೇ ಇದ್ದ. ಹೋದ ಕ್ರಿಸ್‌ಮಸ್ಸಿಗೂ ಅಷ್ಟೇ. ಆದರೆ ಕ್ರಿಸ್‌ಮಸ್ಸಿಗೆ ಕೊಂಡ ಪ್ಯಾಂಟು ಪಾದದ ಗಿಣ್ಣಿನಿಂದ ನಾಲ್ಕು ಬೆರಳು ಮೇಲೆ ಕೂತಿತ್ತು. ಮಂಡಿಯ ಹತ್ತಿರ ಬಟ್ಟೆ ಮುಂದಕ್ಕೆ ಉಬ್ಬಿತ್ತು.

"ಮಂಡಿ ನೆಟ್ಟಗೆ ಮಾಡು."

"ನೆಟ್ಟಗೇ ಇದೆ."

"ಮಾಡೋ ಅಂದ್ರೆ!"

ಮಾಡಿದ. ಅವನ ತಲೆ ನನ್ನ ಕೈಯನ್ನು ಮೇಲಕ್ಕೆ ಎತ್ತಿತು. ನೂರ ನಲವತ್ತೆರಡು.

"ಯಾಕೋ ಹೀಗೆ?" ಡೋರ್ತೆ ಎದ್ದು ಬಂದು ಅವನ ಮುಂದೆ ಮೊಣಕಾಲೂರಿದಳು. "ಯಾಕೋ ಕಂದಾ?"

"ನೂರ ನಲವತ್ತು ಆದ್ರೆ ಅವಳು ಒಳಗೆ ಬಿಡ್ತಾಳೆ," ಎಂದ ಬರ್ಟಿಲ್. ಗೋಡೆಯ ಕಡೆ ಮುಖ ಮಾಡಿದ್ದ. "ಅಣ್ಣನ್ನ ಬಿಡಲಿಲ್ವಲ್ಲ. ನಾನು ಹೆಂಗಮ್ಮ ಹೋಗ್ಲಿ?"

ಡೋರ್ತೆ ಅವನನ್ನು ಎಳೆದು ಅಪ್ಪಿಕೊಂಡಳು. "ನೀನು ಹೋಗಬೇಕು. ಗುರುವಾರ ಅಮ್ಮ ಅವಳಿಗೆ ಸರಿಯಾಗಿ ಹೇಳ್ತಾಳೆ, ಕೇಳಿಸ್ತಾ? ಎಲ್ಲರ ಎದುರು ಹೇಳ್ತಾಳೆ. ಎಂಥಾ ಹೆಂಗಸು ಅವಳು, ಒಂದು ಮಗೂನ..."

"ಅಮ್ಮಾ, ಸಾಕು," ಎಂದಳು ಸಿಗ್ನೆ.

ಫೋನು ಮೇಜಿನ ಮೇಲೆ ಮಗುಚಿಕೊಂಡಿತ್ತು. ಅವಳ ಮುಖ ಬಿಳಿಚಿಕೊಂಡಿತ್ತು. ನಾನು ಅವಳನ್ನು ನೋಡಿ ತಲೆ ಅಲ್ಲಾಡಿಸಿದೆ. ಬೇಡ ಎಂದು. ಇಷ್ಟು ದಿನ ಹೀಗೆಯೇ ಅಲ್ಲಾಡಿಸಿಕೊಂಡು ಬಂದಿದ್ದೆ. ಅವಳ ಕಣ್ಣು ನನ್ನ ಮೇಲೇ ಇತ್ತು.

"ಅವಳು ಬಿಟ್ಟಿದ್ಲು," ಎಂದಳು ಸಿಗ್ನೆ. "ಆ ಹೆಂಗಸು ಸರಪಳಿ ತೆಗೆದಿದ್ಲು, ಅಮ್ಮ. ನಾನು ಪಕ್ಕದಲ್ಲೇ ಇದ್ದೆ. ಅಪ್ಪನೇ ಎಳೆದಿದ್ದು."

ಹೊರಗೆ ಹಗ್ಗ ಬಡಿಯುತ್ತಲೇ ಇತ್ತು. ಡೋರ್ತೆ ಎದ್ದಳು. ನನ್ನ ಕಡೆ ತಿರುಗಿದಳು. ಅವಳು ಕೂಗಿದ್ದರೆ ನಾನೂ ಕೂಗುತ್ತಿದ್ದೆ. ನನಗೆ ಗೊತ್ತಿದ್ದ ದಾರಿ ಅದೊಂದೇ.

"ಹೌದಾ?" ಎಂದಳು.

"ಶೂ ಒಳಗೆ ರಟ್ಟು ಇಟ್ಕೊಂಡಿದ್ದ," ಎಂದೆ. "ಮೋಸ ಅದು. ಮುಂದಿನ ವರ್ಷ ಬರಬಹುದು ಅಂದ್ಕೊಂಡೆ. ನಂಗೇನು ಗೊತ್ತಿತ್ತು ಡೋರ್ತೆ? ಮುಂದಿನ ವರ್ಷ ಇರಲ್ಲ ಅಂತ ನಂಗೇನು ಗೊತ್ತಿತ್ತು?"

"ರಟ್ಟು."

"ಓಟ್ಸ್ ಡಬ್ಬೀದು. ಅವನೇ ಕತ್ತರಿಸಿದ್ದ."

ಅವಳು ಕೇಳಿದಳು, "ಎಲ್ಲಿ ಅದು?"

ಆಗ ಸತ್ಯ ಹೇಳಬಹುದಿತ್ತು. ಬಾಗಿಲ ಪಕ್ಕದ ಗೂಟದಲ್ಲೇ ಕೋಟು ನೇತಾಡುತ್ತಿತ್ತು, ಮೂರು ಹೆಜ್ಜೆ. ತೆಗೆದು ಅವಳ ಕೈಗೆ ಕೊಡಬಹುದಿತ್ತು. ಇಷ್ಟು ವರ್ಷ ಒಬ್ಬನೇ ಇಟ್ಟುಕೊಂಡಿದ್ದೆಯಲ್ಲ ಎಂದು ಕೇಳಿದರೆ ಏನು ಹೇಳಲಿ ಎಂದು ಹೆದರಿದೆ.

"ಅಲ್ಲೇ ಎಸೆದೆ," ಎಂದೆ. "ಪಾರ್ಕಿನ ಕಸದ ಡಬ್ಬಿಗೆ."

ಡೋರ್ತೆ ತಲೆಯಾಡಿಸಿದಳು. ಆರನೆಯ ಟಿಕೆಟನ್ನು ಎತ್ತಿ ನಾಲ್ಕು ಮಡಿಕೆ ಮಾಡಿದಳು. ಬರ್ಟಿಲ್‌ನ ತಲೆ ಮುಟ್ಟಿದಳು, ಎಲ್ಲೆನ್‌ಳ ಚಾಚಿದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು. ಅವಳ ಕೋಟು ಒಗೆಯುವ ಮೆಷಿನ್ನಿನಲ್ಲಿ ಸುತ್ತುತ್ತಿತ್ತು. ಹೊರಗೆ ಗಾಳಿ. ಗೂಟದಲ್ಲಿದ್ದುದನ್ನು ಎಳೆದುಕೊಂಡು ತೋಳು ತೂರಿಸಿದಳು.

"ಅದು ನಂದು," ಎಂದೆ. ಅವಳಿಗೆ ಕೇಳಿಸಿತೋ ಇಲ್ಲವೋ, ಬಾಗಿಲು ಹಾಕಿಕೊಂಡಿತು.

ಕಿಟಕಿಗೆ ಓಡಿದೆ. ಹಡಗುಕಟ್ಟೆಯ ರಸ್ತೆಯಲ್ಲಿ ನನ್ನ ದೊಡ್ಡ ಕೋಟಿನೊಳಗೆ ಅವಳು ಸಣ್ಣವಳಾಗಿ ಹೋಗುತ್ತಿದ್ದಳು. ಮೀನು ಹರಾಜಿನ ಕಟ್ಟಡ ದಾಟುವವರೆಗೆ ಕೈಗಳು ಹೊರಗೇ ಇದ್ದವು. ಚರ್ಚಿನ ಗೋಡೆಯ ಹತ್ತಿರ ಗಾಳಿ ಜೋರು. ಅಲ್ಲಿ ಯಾರೇ ಆದರೂ ಕೈಗಳನ್ನು ಜೇಬಿಗೆ ಹಾಕುತ್ತಾರೆ. ಅವಳೂ ಹಾಕಿದಳು.

ನಿಂತಳು.

ಬಗ್ಗಿ ಅಂಗೈ ನೋಡುತ್ತಾ ಬಹಳ ಹೊತ್ತು ನಿಂತಿದ್ದಳು. ಗೋಡೆಯ ಆ ಕಡೆಯ ಮಣ್ಣಿನಲ್ಲೇ ಆಕ್ಸೆಲ್ ಇದ್ದಾನೆ. ಒಳಗೆ ಹೋಗುತ್ತಾಳೆ ಎಂದುಕೊಂಡೆ, ಹೋಗಲಿಲ್ಲ. ಮನೆಯ ಕಡೆ ತಿರುಗುತ್ತಾಳೆ ಎಂದುಕೊಂಡೆ, ತಿರುಗಲೂ ಇಲ್ಲ. ಅಂಗೈ ಮುಚ್ಚಿ ಬಸ್ ನಿಲ್ದಾಣದ ಕಡೆ ನಡೆದಳು.

"ಅಮ್ಮ ಎಲ್ಲಿಗೆ ಹೋದ್ಲು?" ಎಂದಳು ಎಲ್ಲೆನ್.

"ಬರ್ತಾಳೆ," ಎಂದೆ.

ಸಿಗ್ನೆ ಮೇಜಿನ ಮೇಲಿನ ಟಿಕೆಟ್‌ಗಳನ್ನು ಜೋಡಿಸಿಟ್ಟಳು. ಐದು ಉಳಿದಿದ್ದವು. ಗುರುವಾರ ಬಂತು, ಹೋಯಿತು. ಕೋಟಿನ ಗೂಟ ಇನ್ನೂ ಖಾಲಿಯಿದೆ.